ಹಳೇ ವಾಲ್ವ್ ಆಂಪ್ಲಿಫೈಯರ್: ಕೊಳ್ಳುವಾಗ ಏನು ನೋಡಬೇಕು, ಪ್ಲಗ್ ಹಾಕುವ ಮುಂಚೆ ಏನು ಮಾಡಬೇಕು

ಹಳೇ ವಾಲ್ವ್ ಆಂಪ್ಲಿಫೈಯರ್, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ಸದ್ದು ಹಿಗ್ಗಿಸುವ ಸೆಟ್, ಮನೆಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ಧೂಳು ಒರೆಸುತ್ತಾರೆ, ಪ್ಲಗ್ ಹಾಕುತ್ತಾರೆ, "ಆನ್ ಆಗುತ್ತಾ ನೋಡೋಣ" ಅನ್ನುತ್ತಾರೆ. ಎಷ್ಟೋ ಸಲ ಆನ್ ಆಗಿಯೂ ಆಗುತ್ತದೆ. ವಾಲ್ವ್‌ಗಳು ಬೆಳಗುತ್ತವೆ, ಹಾಡು ಬರುತ್ತದೆ, ಮನೆಮಂದಿಯನ್ನೆಲ್ಲ ಕರೆದು ತೋರಿಸಿದ್ದೂ ಆಗುತ್ತದೆ. ಅರ್ಧ ಗಂಟೆಗೆ ಸುಟ್ಟ ವಾಸನೆ. ಆಮೇಲೆ ಬರುವ ಪ್ರಶ್ನೆ: "ಇದರ ಟ್ರಾನ್ಸ್‌ಫಾರ್ಮರ್ ಎಲ್ಲಿ ಸಿಗುತ್ತೆ?"

ಕೆಲವು ಜನಪ್ರಿಯ ಮಾಡೆಲ್ ಬಿಟ್ಟರೆ ಸಿಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ವಾಲ್ವ್ ಹೊಸದು ಸಿಗುತ್ತದೆ. ಕೆಪಾಸಿಟರ್, ರೆಸಿಸ್ಟರ್ ಚಿಲ್ಲರೆ ಕಾಸಿಗೆ ಸಿಗುತ್ತವೆ. ಆ ಸೆಟ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಹೋದರೆ ಮಾತ್ರ ಹೋಯಿತು. ಹಾಳಾಗುವುದು ಅಗ್ಗದ ಕೆಪಾಸಿಟರ್, ಆದರೆ ಅದು ಹೋಗುವಾಗ ಟ್ರಾನ್ಸ್‌ಫಾರ್ಮರನ್ನೂ ಎಳೆದುಕೊಂಡು ಹೋಗುತ್ತದೆ. ಕೆಳಗಿನ ಹಂತಗಳ ಕ್ರಮ ಇರುವುದೇ ಅದನ್ನು ತಪ್ಪಿಸುವುದಕ್ಕೆ. ಕ್ರಮ ಹಿಂದುಮುಂದು ಮಾಡಬೇಡಿ.

ಇನ್ನೊಂದು ಮಾತು ಮೊದಲೇ. ಈ ಸೆಟ್‌ಗಳ ಒಳಗೆ 300ರಿಂದ 500 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಜೀವ ತೆಗೆಯುವಷ್ಟು ಇರುತ್ತದೆ. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದವರು 1ರಿಂದ 3ನೇ ಹಂತದವರೆಗೆ, 2ನೇ ಹಂತದ ಮೀಟರ್ ಅಳತೆ ಬಿಟ್ಟು, ತಾವೇ ಮಾಡಿ, ಉಳಿದದ್ದನ್ನು ವಾಲ್ವ್ ಸೆಟ್ ರಿಪೇರಿ ಗೊತ್ತಿರುವ ಮೆಕ್ಯಾನಿಕ್‌ಗೆ ಕೊಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

## ಹಂತ 1: ಯಾವ ಬಗೆಯ ಸೆಟ್ ಅಂತ ಮೊದಲು ಗುರುತಿಸಿ

ನಮ್ಮಲ್ಲಿ ಕೈಗೆ ಸಿಗುವ ವಾಲ್ವ್ ಆಂಪ್‌ಗಳು ಹೆಚ್ಚುಕಡಿಮೆ ಮೂರು ಬಗೆ.

ಒಂದು, ಮೈಕ್ ಸೆಟ್‌ನವರ ಹಳೇ ಆಂಪ್. ಜಾತ್ರೆ, ಮದುವೆ, ಟೆಂಟ್ ಸಿನಿಮಾಗಳಲ್ಲಿ ದುಡಿದು ಗುಜರಿ ಸೇರಿದ್ದು. ಬೆಲೆ ಕಡಿಮೆ, ಕಬ್ಬಿಣ ಗಟ್ಟಿ. ಆದರೆ ಇದನ್ನು ಮಾತು ದೂರಕ್ಕೆ ಕೇಳಿಸಲಿ ಅಂತ ಮಾಡಿದ್ದು, ಸಂಗೀತಕ್ಕಲ್ಲ. ಸ್ಪೀಕರಿಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ತಗ್ಗಿನ ಸ್ವರಗಳು ಅಷ್ಟಾಗಿ ಬರುವುದಿಲ್ಲ. ಒಂದೇ ಚಾನೆಲ್ ಇರುತ್ತದೆ. ಸ್ಟೀರಿಯೋ ಬೇಕಂದರೆ ಅದೇ ಮಾಡೆಲ್‌ನ ಜೋಡಿ ಹುಡುಕಬೇಕು. ಹಿಂದೆ 100 ವೋಲ್ಟ್ ಲೈನ್ ಅಂತ ಒಂದು ಟರ್ಮಿನಲ್ ಇರುತ್ತದೆ. ಅದು ಹಾರ್ನ್ ಲೈನಿಗೆ. ಮನೆಯ 8 ಓಮ್ ಸ್ಪೀಕರನ್ನು ಅದಕ್ಕೆ ಸೇರಿಸಬೇಡಿ. ಕೆಲವಲ್ಲಿ 807 ವಾಲ್ವ್ ಇರುತ್ತದೆ. ಅದರ ನೆತ್ತಿಯ ಮೇಲಿನ ಟೋಪಿಗೆ ಒಂದು ವೈರ್ ಬಂದಿರುತ್ತದಲ್ಲ, ಅದರಲ್ಲಿ ಹರಿಯುವುದು 400 ವೋಲ್ಟ್‌ಗೂ ಜಾಸ್ತಿ. ಮಕ್ಕಳಿರುವ ಮನೆಗೆ ಜಾಲರಿ ಮುಚ್ಚಳ ಇಲ್ಲದೆ ತರಲೇಬೇಡಿ.

ಎರಡು, ಇಂಗ್ಲೆಂಡ್ ಅಥವಾ ಅಮೆರಿಕದ ಹೈಫೈ ಸೆಟ್‌ಗಳು. ಕ್ವಾಡ್ 2, ಲೀಕ್ ಸ್ಟೀರಿಯೋ 20, ಡೈನಾಕೋ ಎಸ್‌ಟಿ-70, ಫಿಶರ್ 500-ಸಿ ಇಂಥವು. ಕೇಳುವುದಕ್ಕೆ ಕೊಳ್ಳಬೇಕಾದದ್ದು ಇವನ್ನೇ. ಮೊದಲ ಸಲ ಕೊಳ್ಳುವವರಿಗೆ ನನ್ನ ಆಯ್ಕೆ ಡೈನಾಕೋ ಎಸ್‌ಟಿ-70. 1959ರಲ್ಲಿ ಬಂದದ್ದು, ಚಾನೆಲ್‌ಗೆ 35 ವಾಟ್. ಸರ್ಕ್ಯೂಟ್ ಸರಳ, ನಕ್ಷೆ ಎಲ್ಲ ಕಡೆ ಸಿಗುತ್ತದೆ, ಬಿಡಿಭಾಗಗಳೂ ಇಂದಿಗೂ ತಯಾರಾಗುತ್ತಿವೆ. ಮೆಕಿಂಟಾಶ್ ಎಂಸಿ275 ಆಸೆ ಇದ್ದರೆ ಇರಲಿ, ಮೊದಲ ಸೆಟ್ ಆಗಿ ಮಾತ್ರ ಬೇಡ.

ಮೂರು, ಹಳೇ ರೇಡಿಯೋ ಮತ್ತು ರೆಕಾರ್ಡ್ ಪ್ಲೇಯರ್‌ಗಳ ಒಳಗಿನ ಪುಟ್ಟ ಆಂಪ್. ಮುದ್ದಾಗಿ ಕಾಣುತ್ತದೆ. ಅತಿ ಅಪಾಯಕಾರಿಯೂ ಇದೇ. ಇವುಗಳಲ್ಲಿ ಎಷ್ಟೋ ಎಸಿ-ಡಿಸಿ ಸೆಟ್‌ಗಳು. ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಚಾಸಿ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ಚೌಕಟ್ಟು, ನೇರವಾಗಿ ಗೋಡೆಯ ಪ್ಲಗ್ಗಿನ ಒಂದು ಪಿನ್ನಿಗೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಗೆ 230 ವೋಲ್ಟ್.

ಗುರುತಿಸುವುದು ಸುಲಭ. ಯುರೋಪಿನ ವಾಲ್ವ್ ಹೆಸರಿನ ಮೊದಲ ಅಕ್ಷರ ನೋಡಿ. 'ಇ' ಇದ್ದರೆ ಅದರ ಹೀಟರ್, ಅಂದರೆ ವಾಲ್ವನ್ನು ಒಳಗಿಂದ ಕಾಯಿಸುವ ತಂತಿ, 6.3 ವೋಲ್ಟ್‌ನದು. ಅಂದರೆ ಇಎಲ್84, ಇಸಿಸಿ83 ಇಂಥವು. ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್. 'ಯು' ಇದ್ದರೆ, ಅಂದರೆ ಯುಎಲ್84, ಯುಸಿಎಲ್82, ಯುವೈ85 ಕಂಡರೆ, ಹೀಟರ್‌ಗಳು ಸೀರೀಸ್‌ನಲ್ಲಿವೆ, ಚಾಸಿ ಜೀವಂತ ಇರುವ ಸಂಭವ ಜಾಸ್ತಿ. ಅಮೆರಿಕದ್ದಾದರೆ 35, 50 ಅಂತ ಶುರುವಾಗುವ ನಂಬರ್‌ಗಳಿಗೂ ಇದೇ ಎಚ್ಚರಿಕೆ. ಶೋಕೇಸಿನಲ್ಲಿಡಲು ಚೆಂದ. ಅದಕ್ಕೆ ಫೋನ್ ವೈರ್ ಸಿಕ್ಕಿಸಿ ಹಾಡು ಕೇಳುವ ಯೋಚನೆ ಬೇಡ.

## ಹಂತ 2: ಮಾರುವವರ ಮುಂದೆ ನಿಂತಾಗ

"ವರ್ಕಿಂಗ್ ಕಂಡೀಷನ್ ಸಾರ್, ಆನ್ ಮಾಡಿ ತೋರಿಸ್ತೀನಿ" ಅಂದರೆ ಬೇಡ ಅನ್ನಿ. ಕೊಳ್ಳುವ ವಸ್ತುವನ್ನು ನಿಮ್ಮ ಕಣ್ಣೆದುರೇ ಸುಡುವ ಅವಕಾಶ ಅವರಿಗೇಕೆ? ಬದಲಿಗೆ ತಳದ ತಗಡು ಬಿಚ್ಚಿಸಿ. ಫೋನಿನಲ್ಲಿ ವ್ಯವಹಾರ ಆಗುತ್ತಿದ್ದರೆ ತಳಭಾಗದ ಫೋಟೋ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ. ಮೇಲಿನಿಂದ ಎಲ್ಲ ಸೆಟ್ಟೂ ಚೆನ್ನಾಗಿಯೇ ಕಾಣುತ್ತದೆ.

ತಳದಲ್ಲಿ ಏನು ನೋಡಬೇಕು? ಮೊದಲು ಟ್ರಾನ್ಸ್‌ಫಾರ್ಮರ್‌ಗಳ ಕೆಳಗೆ. ಕಪ್ಪು ಅಥವಾ ಕಂದು ಮೇಣ ಸೋರಿ ಹೆಪ್ಪುಗಟ್ಟಿದೆಯೇ? ಸ್ವಲ್ಪ ಇದ್ದರೆ ಬಿಸಿಲಿಗೂ ಆಗಿರಬಹುದು. ಧಾರೆಯಾಗಿ ಇಳಿದು ಸುಟ್ಟ ವಾಸನೆ ಇದ್ದರೆ ಬಿಟ್ಟು ನಡೆಯಿರಿ. ಮೂಗು ಹತ್ತಿರ ತಂದು ನೋಡಿ. ಸುಟ್ಟ ವಾರ್ನಿಷ್ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ನಂತರ ವೈರ್‌ಗಳು. ರಬ್ಬರ್ ಹೊದಿಕೆಯ ವೈರನ್ನು ಮೆಲ್ಲಗೆ ಬಾಗಿಸಿದರೆ ಪುಡಿಪುಡಿ ಉದುರುತ್ತದೆಯೇ? ಹಾಗಿದ್ದರೆ ಪೂರ್ತಿ ವೈರಿಂಗ್ ಮತ್ತೆ ಮಾಡಬೇಕು. ಇಲಿ ಗೂಡು ಕಟ್ಟಿದ್ದರೆ ಅದರ ಮೂತ್ರಕ್ಕೆ ಚಾಸಿ, ಸಾಕೆಟ್ ಪಿನ್ ಎಲ್ಲ ತಿಂದುಹೋಗಿರುತ್ತವೆ.

ಮಲ್ಟಿಮೀಟರ್ ಜೇಬಿನಲ್ಲಿರಲಿ. ಪ್ಲಗ್ ಹಾಕಿರಬಾರದು, ವಾಲ್ವ್ ತೆಗೆದಿರಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ನಡುವಿನ ವೈರಿನಿಂದ, ಅಂದರೆ ಹೈ ವೋಲ್ಟೇಜ್ ಬರುವ ಕಡೆಯಿಂದ, ಎರಡೂ ಔಟ್‌ಪುಟ್ ವಾಲ್ವ್‌ಗಳ ಸಾಕೆಟ್‌ನ ಪ್ಲೇಟ್ ಪಿನ್ನಿಗೆ (ವಾಲ್ವ್ ಒಳಗಿನ ಬೂದು ಲೋಹದ ತಗಡೇ ಪ್ಲೇಟ್) ಓಮ್ ಅಳೆಯಿರಿ. ಇಎಲ್34 ಆದರೆ ಪಿನ್ 3, ಇಎಲ್84 ಆದರೆ ಪಿನ್ 7. ಹತ್ತಾರರಿಂದ ಇನ್ನೂರು ಮುನ್ನೂರು ಓಮ್‌ವರೆಗೆ ಎಷ್ಟಾದರೂ ಇರಬಹುದು. ಎರಡು ಕಡೆಯ ಲೆಕ್ಕ ಹತ್ತಿರಹತ್ತಿರ ಇದ್ದರೆ ಸಾಕು, ಸುತ್ತಿದ ರೀತಿಯಿಂದ ತುಸು ಫರಕು ಸಹಜ. ಒಂದು ಕಡೆ ಮೀಟರ್ ಅಲ್ಲಾಡದೇ ಇದ್ದರೆ ಒಳಗೆ ತಂತಿ ತುಂಡಾಗಿದೆ. ಸ್ಟೀರಿಯೋ ಆದರೆ ಎಡ ಬಲ ಎರಡನ್ನೂ ಅಳೆದು ಹೋಲಿಸಿ. ಒಂದು ಟ್ರಾನ್ಸ್‌ಫಾರ್ಮರ್ ಬದಲಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸ್ಕ್ರೂ ತಲೆಗಳ ಬಣ್ಣ ಕಿತ್ತಿದೆಯೇ, ಬೆಸುಗೆ ಹೊಸದಾಗಿ ಹೊಳೆಯುತ್ತಿದೆಯೇ ಅಂತಲೂ ನೋಡಿ.

ಚೌಕಾಸಿಗೆ ಒಂದು ಲೆಕ್ಕ: ಕೊಟ್ಟ ಬೆಲೆಯ ಅರ್ಧದಷ್ಟಾದರೂ ರಿಪೇರಿಗೆ ಮತ್ತು ವಾಲ್ವ್‌ಗೆ ಬೇಕಾಗುತ್ತದೆ ಅಂದುಕೊಂಡೇ ಬೆಲೆ ಮಾತಾಡಿ. "ಎಲ್ಲ ಒರಿಜಿನಲ್ ಪಾರ್ಟ್" ಅಂತ ಮಾರುವವರು ಹೆಮ್ಮೆಯಿಂದ ಹೇಳಿದರೆ, ಎಲ್ಲ ಕೆಪಾಸಿಟರ್ ಬದಲಿಸಬೇಕು ಅಂತ ನೀವು ಕೇಳಿಸಿಕೊಳ್ಳಿ.

## ಹಂತ 3: ಮನೆಗೆ ತರುವುದು

ವಾಲ್ವ್‌ಗಳನ್ನೆಲ್ಲ ಕಿತ್ತು ಬೇರೆ ಡಬ್ಬದಲ್ಲಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ತನ್ನಿ. ಯಾವ ಸಾಕೆಟ್‌ನದು ಯಾವುದು ಅಂತ ಚೀಟಿ ಬರೆದಿಡಿ. ಕೀಳುವಾಗ ಗಾಜು ಹಿಡಿದು ತಿರುಚಬೇಡಿ. ಬುಡ ಹಿಡಿದು ನೆಟ್ಟಗೆ ಮೇಲಕ್ಕೆ ಎತ್ತಿ. ಬಸ್ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಟ್ರಾನ್ಸ್‌ಫಾರ್ಮರ್ ಭಾರಕ್ಕೆ ಚಾಸಿಯೇ ಬಗ್ಗಿಹೋಗುತ್ತದೆ, ಹಾಗಾಗಿ ಎರಡು ಡಬ್ಬ, ನಡುವೆ ಥರ್ಮಾಕೋಲ್. ಸಾಧ್ಯವಾದರೆ ನೀವೇ ಹೋಗಿ ತನ್ನಿ.

## ಹಂತ 4: ಮೇಜಿನ ಮೇಲೆ ಏನೇನು ಇರಬೇಕು

ಸೀರೀಸ್ ಬೋರ್ಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯಾವ ಎಲೆಕ್ಟ್ರಿಷಿಯನ್ ಕೇಳಿದರೂ ಮಾಡಿಕೊಡುತ್ತಾರೆ: ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್, ಎರಡೂ ಸೀರೀಸ್‌ನಲ್ಲಿ. ಬಲ್ಬ್ ಮಾತ್ರ ಹಳೇ ತಂತಿ ಬಲ್ಬೇ ಆಗಿರಬೇಕು, 60 ವಾಟ್ ಒಂದು, 100 ವಾಟ್ ಒಂದು. ಎಲ್‌ಇಡಿ, ಸಿಎಫ್‌ಎಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಕರೆಂಟ್ ಬಲ್ಬಿನಲ್ಲಿ ಖರ್ಚಾಗುತ್ತದೆ, ಟ್ರಾನ್ಸ್‌ಫಾರ್ಮರ್ ಬಚಾವಾಗುತ್ತದೆ.

ಮಲ್ಟಿಮೀಟರ್ 1000 ವೋಲ್ಟ್ ಡಿಸಿ ಅಳೆಯುವಂಥದ್ದಾಗಿರಲಿ, ಪ್ರೋಬ್ ವೈರ್‌ಗಳಲ್ಲಿ ಬಿರುಕು ಇರಬಾರದು. ಮೊಸಳೆ ಕ್ಲಿಪ್ ಇರುವ ವೈರ್‌ಗಳು. 10 ಕಿಲೋ ಓಮ್, 10 ವಾಟ್ ರೆಸಿಸ್ಟರ್ ಒಂದು. ಅದರ ಎರಡು ತುದಿಗೂ ಕ್ಲಿಪ್ ಬೆಸೆದು, ಮೈಗೆ ಇನ್ಸುಲೇಷನ್ ಸ್ಲೀವ್ ಹಾಕಿ. 8 ಓಮ್, 50 ವಾಟ್ ರೆಸಿಸ್ಟರ್, ಸ್ಪೀಕರ್ ಬದಲಿಗೆ. 40ರಿಂದ 60 ವಾಟ್ ಸೋಲ್ಡರಿಂಗ್ ಐರನ್. ಸೆಟ್‌ನ ಸರ್ಕ್ಯೂಟ್ ನಕ್ಷೆಯ ಪ್ರಿಂಟ್. ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ ನಕ್ಷೆ ಬಿಟ್ಟು ಉಳಿದದ್ದೆಲ್ಲ ಒಂದೇ ಓಡಾಟಕ್ಕೆ ಸಿಗುತ್ತದೆ.

ಕರೆಂಟ್ ಇಳಿಸುವ ಕ್ರಮ ಕಲಿತೇ ಮುಂದೆ ಹೋಗಿ. ಪ್ಲಗ್ ತೆಗೆಯಿರಿ. 10 ಕಿಲೋ ಓಮ್ ರೆಸಿಸ್ಟರ್‌ನ ಒಂದು ಕ್ಲಿಪ್ ಚಾಸಿಗೆ, ಇನ್ನೊಂದು ಫಿಲ್ಟರ್ ಕೆಪಾಸಿಟರ್‌ನ, ಅಂದರೆ ಚಾಸಿ ಮೇಲೆ ನಿಂತಿರುವ ಅಲ್ಯೂಮಿನಿಯಂ ಡಬ್ಬದ, ಪ್ಲಸ್‌ಗೆ. ಅರ್ಧ ನಿಮಿಷ ಬಿಡಿ. ಮೀಟರ್ ಇಟ್ಟು ಸೊನ್ನೆ ಬಂತೇ ನೋಡಿ. ಕೆಲಸ ಮುಗಿಯುವ ತನಕ ಕ್ಲಿಪ್ ತೆಗೆಯಬೇಡಿ, ಯಾಕಂದರೆ ಖಾಲಿ ಮಾಡಿದ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತಿಗೆ ವೋಲ್ಟೇಜ್ ಮತ್ತೆ ತಲೆ ಎತ್ತುತ್ತದೆ. ಪ್ರತಿ ಕೆಪಾಸಿಟರ್‌ಗೂ ಹೀಗೇ. ಸ್ಕ್ರೂಡ್ರೈವರ್ ಅಡ್ಡ ಇಟ್ಟು 'ಟಪ್' ಅನ್ನಿಸುವ ಹಳೇ ವಿಧಾನ ಬೇಡ. ಆನ್ ಇರುವಾಗ ಅಳೆಯಬೇಕಾದರೆ ಕಪ್ಪು ಪ್ರೋಬನ್ನು ಚಾಸಿಗೆ ಕ್ಲಿಪ್ ಮಾಡಿ, ಬಲಗೈ ಒಂದರಲ್ಲೇ ಕೆಲಸ, ಎಡಗೈ ಜೇಬಿನಲ್ಲಿ.

ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ್ದೇವೆ, ಹೆದರಿಕೆ ಇಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಮೇನ್ಸ್ ಕಡೆಯ ಸೋರಿಕೆಯನ್ನಷ್ಟೇ ಹಿಡಿಯುತ್ತದೆ. ಟ್ರಾನ್ಸ್‌ಫಾರ್ಮರ್ ದಾಟಿದ 400 ವೋಲ್ಟ್ ನಿಮಗೆ ಹೊಡೆದರೆ ಆರ್‌ಸಿಸಿಬಿಗೆ ಗೊತ್ತೂ ಆಗುವುದಿಲ್ಲ.

## ಹಂತ 5: ಮೇನ್ಸ್ ವೈರ್, ವೋಲ್ಟೇಜ್, ಅರ್ತಿಂಗ್

ಹಳೇ ಎರಡು ಪಿನ್ ವೈರ್ ಕಿತ್ತು ಹಾಕಿ. ಮೂರು ಕೋರ್ ವೈರ್ ಹಾಕಿ, ಹಸಿರನ್ನು ಬಣ್ಣ ಕೆರೆದ ಚಾಸಿಗೆ ಬೋಲ್ಟ್ ಬಿಗಿದು ಕೂರಿಸಿ. ಲೈವ್ ವೈರ್ ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ. ಮೇನ್ಸ್‌ನಿಂದ ಚಾಸಿಗೆ ಒಂದು ಸಣ್ಣ ಕೆಪಾಸಿಟರ್ ಹೋಗಿದ್ದರೆ ಅದನ್ನು ತೆಗೆದೇಬಿಡಿ. ಅದು ಶಾರ್ಟ್ ಆದ ದಿನ ಚಾಸಿ ಮುಟ್ಟಿದವರಿಗೆ ಶಾಕ್.

ವೋಲ್ಟೇಜ್ ವಿಷಯದಲ್ಲಿ ಇಂಗ್ಲೆಂಡ್ ಸೆಟ್‌ಗಳು ಸಲೀಸು. ಹಿಂದೆ ಸೆಲೆಕ್ಟರ್ ಇರುತ್ತದೆ, 240ಕ್ಕೆ ಇಡಿ. ನಮ್ಮ ಲೈನ್ ರಾತ್ರಿ ಹೊತ್ತು ಏರುವುದುಂಟು, ಆದ್ದರಿಂದ ಮೇಲಿನ ಟ್ಯಾಪೇ ಕ್ಷೇಮ.

ಅಮೆರಿಕದ್ದಾದರೆ ಎರಡು ತೊಡಕು. 117 ವೋಲ್ಟ್ ಸೆಟ್‌ಗೆ 230 ಕೊಟ್ಟರೆ ಕ್ಷಣದಲ್ಲಿ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ತಾಮ್ರ ಸುತ್ತಿದ, ಎತ್ತಿದರೆ ಭಾರ ಗೊತ್ತಾಗುವಂಥದ್ದು. ಪ್ರವಾಸಕ್ಕೆ ಒಯ್ಯುವ ಹಗುರ ಕನ್ವರ್ಟರ್ ಅಲ್ಲ. ಆಂಪ್ ಎಳೆಯುವುದಕ್ಕಿಂತ ಕನಿಷ್ಠ ಒಂದೂವರೆ ಪಟ್ಟು ತಾಕತ್ತಿನದು ಕೊಳ್ಳಿ. ಎರಡನೇ ತೊಡಕನ್ನು ಯಾರೂ ಯೋಚಿಸುವುದಿಲ್ಲ. ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಅದೇ ವೋಲ್ಟೇಜ್‌ಗೆ 50 ಹರ್ಟ್ಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಕಬ್ಬಿಣದ ಮೇಲೆ ಶೇ. 20ರಷ್ಟು ಹೆಚ್ಚು ಹೊರೆ ಬೀಳುತ್ತದೆ, ಜಾಸ್ತಿ ಕಾಯುತ್ತದೆ. ಸೆಟ್ ಹಿಂದಿನ ತಗಡಿನಲ್ಲಿ 50/60 ಅಂತ ಇದ್ದರೆ ಚಿಂತೆ ಇಲ್ಲ. 60 ಮಾತ್ರ ಇದ್ದರೆ ಒಂದು ಗಂಟೆ ಓಡಿಸಿ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಟ್ಟು ನೋಡಿ. ಐದು ಸೆಕೆಂಡ್ ಇಡಲಾಗದಷ್ಟು ಸುಡುತ್ತಿದ್ದರೆ ಆ ಸೆಟ್ ಇಲ್ಲಿ ದಿನವೂ ಹಾಕುವುದಕ್ಕೆ ಆಗದು.

## ಹಂತ 6: ವಾಲ್ವ್ ಇಲ್ಲದೆ ಮೊದಲ ಕರೆಂಟ್

ಎಲ್ಲ ವಾಲ್ವ್ ಹೊರಗಿರಲಿ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೂಡ. ಸೀರೀಸ್ ಬೋರ್ಡ್‌ಗೆ 60 ವಾಟ್ ಬಲ್ಬ್ ಹಾಕಿ ಸೆಟ್ ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಆರಬೇಕು, ಅಥವಾ ತಂತಿ ತುಸು ಕೆಂಪಗೆ ಕಂಡರೆ ಸರಿ. ಪೂರ್ತಿ ಉರಿದರೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಅಥವಾ ಅದರ ವೈರಿಂಗ್ ಶಾರ್ಟ್. ಅಲ್ಲೇ ನಿಲ್ಲಿಸಿ. ರೆಕ್ಟಿಫೈಯರ್ ವಾಲ್ವ್ ಬದಲು ಡಯೋಡ್ ಇರುವ ಸೆಟ್‌ನಲ್ಲಿ ಫಿಲ್ಟರ್ ಕೆಪಾಸಿಟರ್‌ಗೂ ಕರೆಂಟ್ ಹೋಗುತ್ತದೆ, ಹಾಗಾಗಿ ಅಂಥದ್ದರಲ್ಲಿ ಡಯೋಡ್‌ನ ವೈರ್ ಬಿಚ್ಚಿಯೇ ಈ ಪರೀಕ್ಷೆ ಮಾಡಿ.

ಬಲ್ಬ್ ಆರಿದ್ದರೆ ಒಂದು ಗಂಟೆ ಹಾಗೇ ಬಿಡಿ. ಟ್ರಾನ್ಸ್‌ಫಾರ್ಮರ್ ತಣ್ಣಗಿರಬೇಕು. ಹೀಟರ್ ಪಿನ್‌ಗಳಲ್ಲಿ 6.3ಕ್ಕಿಂತ ಸ್ವಲ್ಪ ಹೆಚ್ಚು ಕಂಡರೂ ಪರವಾಗಿಲ್ಲ, ವಾಲ್ವ್ ಹಾಕಿದ ಮೇಲೆ ಇಳಿಯುತ್ತದೆ.

## ಹಂತ 7: ಕೆಪಾಸಿಟರ್ ಬದಲಿಸುವುದು

ಹೆಚ್ಚಿನ ಸಮಯ ಇಲ್ಲೇ ಹೋಗಲಿ. ಸೆಟ್ ಸುಡುವುದೂ ಉಳಿಯುವುದೂ ಈ ಹಂತದಲ್ಲಿ.

ಮೊದಲು ಮೇಣ ಮೆತ್ತಿದ ಪೇಪರ್ ಕೆಪಾಸಿಟರ್‌ಗಳು. ಡ್ರೈವರ್ ವಾಲ್ವ್‌ನ ಪ್ಲೇಟಿನಿಂದ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ, ಅಂದರೆ ಅದರ ಕರೆಂಟನ್ನು ಹಿಡಿತದಲ್ಲಿಡುವ ಒಳಗಿನ ಜಾಲರಿಗೆ, ಹೋಗುವುದನ್ನು ಕಪ್ಲಿಂಗ್ ಕೆಪಾಸಿಟರ್ ಅನ್ನುತ್ತಾರೆ. ಒಂದು ತುದಿಯಲ್ಲಿ ನೂರಾರು ವೋಲ್ಟ್, ಇನ್ನೊಂದು ತುದಿಯಲ್ಲಿ ಸೊನ್ನೆ ಅಥವಾ ಮೈನಸ್ ಇರಬೇಕು. ಪೇಪರ್ ತೇವ ಹೀರಿದರೆ ಡಿಸಿ ಸೋರುತ್ತದೆ. ಗ್ರಿಡ್‌ಗೆ ಕೆಲವೇ ವೋಲ್ಟ್ ಪ್ಲಸ್ ಬಂದರೆ ಸಾಕು, ಔಟ್‌ಪುಟ್ ವಾಲ್ವ್ ಹಿಡಿತವಿಲ್ಲದೆ ಕರೆಂಟ್ ಎಳೆಯುತ್ತದೆ. ಅದರ ಪ್ಲೇಟ್ ಕೆಂಪಗಾಗುತ್ತದೆ, ಆ ಕರೆಂಟೆಲ್ಲ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೂದಲೆಳೆ ತಂತಿಯಲ್ಲಿ ಹಾದುಹೋಗುತ್ತದೆ. ಶುರುವಿನಲ್ಲಿ ಹೇಳಿದ ಅರ್ಧ ಗಂಟೆಯ ಕಥೆ ಇದೇ.

ಮೀಟರ್‌ನಲ್ಲಿ ಈ ಕೆಪಾಸಿಟರ್ ಚೆನ್ನಾಗಿದೆ ಅಂತ ಕಂಡರೂ ನಂಬಬೇಡಿ. ಮೀಟರ್ ಕೊಡುವುದು ಕೆಲವು ವೋಲ್ಟ್ ಮಾತ್ರ, ಸೋರುವುದು 300 ವೋಲ್ಟ್‌ಗೆ. ಪರೀಕ್ಷೆ ಮಾಡುವ ಗೋಜಿಗೇ ಹೋಗದೆ ಎಲ್ಲವನ್ನೂ 630 ವೋಲ್ಟ್‌ನ ಪಾಲಿಪ್ರೊಪಿಲೀನ್ ಹಾಕಿ ಬದಲಿಸಿ. ಬೆಲೆ ಏನೂ ಇಲ್ಲ. ಬಿಚ್ಚಿದ ಹಳೇವನ್ನು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಡಿ. ಮುಂದೆ ಮಾರುವಾಗ ಸಂಗ್ರಹಕಾರರು ಕೇಳುತ್ತಾರೆ. ಎಣ್ಣೆ ತುಂಬಿದ ಹಳೇ ತಗಡಿನ ಕೆಪಾಸಿಟರ್ ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಆ ಎಣ್ಣೆ ವಿಷದ್ದಾಗಿರಬಹುದು.

ಎರಡನೆಯದು ಫಿಲ್ಟರ್ ಎಲೆಕ್ಟ್ರೋಲಿಟಿಕ್. ಚಾಸಿ ಮೇಲೆ ನಿಂತಿರುವ ಅಲ್ಯೂಮಿನಿಯಂ ಡಬ್ಬ. ನಿಧಾನವಾಗಿ ವೋಲ್ಟೇಜ್ ಏರಿಸಿ ಇದನ್ನು ಮತ್ತೆ ಬದುಕಿಸಬಹುದು ಅಂತ ಹೇಳುವವರಿದ್ದಾರೆ. ಡಿಮ್ಮರ್‌ಸ್ಟಾಟ್ ತಂದು ಸೊನ್ನೆಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಆದರೆ ವಾಲ್ವ್ ರೆಕ್ಟಿಫೈಯರ್ ಇರುವ ಸೆಟ್‌ನಲ್ಲಿ ಅದರ ಹೀಟರ್ ಕಾಯುವ ತನಕ ಡಿಸಿಯೇ ಬರುವುದಿಲ್ಲ. ಅರ್ಧಕ್ಕೂ ಹೆಚ್ಚು ತಿರುಗಿಸಿದ ಮೇಲೆ ಒಮ್ಮೆಲೇ ನೂರಾರು ವೋಲ್ಟ್ ಬಂದು ಕೂರುತ್ತದೆ. ಮೆಲ್ಲಗೆ ತಿರುಗಿಸಿದ್ದು ದಂಡ. ನಲವತ್ತು ವರ್ಷ ದಾಟಿದ ಎಲೆಕ್ಟ್ರೋಲಿಟಿಕ್ ಬದಲಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಪದೇಪದೇ ಆಗುವ ತಪ್ಪುಗಳು ನಾಲ್ಕು:

1. ಹಳೇ ಡಬ್ಬ ಹಾಗೇ ಬಿಟ್ಟು ಹೊಸದನ್ನು ಅದರ ಪಕ್ಕ ಪ್ಯಾರಲಲ್ ಆಗಿ ಹಾಕುವುದು. ಹಳೇದು ಸೋರುತ್ತಲೇ ಇರುತ್ತದೆ. ಡಬ್ಬ ಅಂದಕ್ಕೆ ಇರಲಿ, ಅದರ ಎಲ್ಲ ವೈರ್ ಬಿಚ್ಚಿ ಬೇರೆ ಟ್ಯಾಗ್ ಸ್ಟ್ರಿಪ್‌ಗೆ ಕೊಡಿ.

2. ದೊಡ್ಡದಾದಷ್ಟೂ ಒಳ್ಳೇದು ಅಂತ 220 ಮೈಕ್ರೋಫ್ಯಾರಡ್ ತುಂಬುವುದು. ಜಿಝೆಡ್34 ರೆಕ್ಟಿಫೈಯರ್‌ನ ನಂತರದ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ಮೀರಬಾರದು. ಮೀರಿದರೆ ಆನ್ ಮಾಡಿದಾಗ ಒಳಗೆ ಕಿಡಿ ಹಾರಿ ವಾಲ್ವ್ ಹೋಗುತ್ತದೆ. ನಕ್ಷೆಯಲ್ಲಿ ಎಷ್ಟಿದೆಯೋ ಅಷ್ಟೇ ಹಾಕಿ.

3. ವೋಲ್ಟೇಜ್ ಕಡಿಮೆಯದು ಹಾಕುವುದು. ವಾಲ್ವ್‌ಗಳು ಕಾಯುವ ಮುಂಚೆ ಹೈ ವೋಲ್ಟೇಜ್ ಮಾಮೂಲಿಗಿಂತ ಏರುತ್ತದೆ. ಓಡುವಾಗ 420 ಇದ್ದರೆ 450ರದ್ದು ಸಾಲದು, 500 ಬೇಕು.

4. ಬಯಾಸ್ ಸರ್ಕ್ಯೂಟಿನಲ್ಲಿ ಪ್ಲಸ್ ಮೈನಸ್ ಅದಲುಬದಲು. ಬಯಾಸ್ ಅಂದರೆ ಔಟ್‌ಪುಟ್ ವಾಲ್ವ್ ಹೆಚ್ಚು ಕರೆಂಟ್ ಎಳೆಯದಂತೆ ಗ್ರಿಡ್‌ಗೆ ಕೊಡುವ ಮೈನಸ್ ವೋಲ್ಟೇಜ್. ಆದ್ದರಿಂದ ಅಲ್ಲಿಯ ಕೆಪಾಸಿಟರ್‌ನ ಪ್ಲಸ್ ತುದಿ ಚಾಸಿಗೆ ಹೋಗಬೇಕು. ಉಳಿದ ಎಲ್ಲ ಕಡೆ ಮೈನಸ್ ಚಾಸಿಗೆ ಹಾಕಿ ಅಭ್ಯಾಸವಾದ ಕೈ ಇಲ್ಲೂ ಹಾಗೇ ಹಾಕುತ್ತದೆ.

ಒಂದು ಬಿಚ್ಚಿ ಒಂದು ಹಾಕಿ. ಎಲ್ಲ ಒಟ್ಟಿಗೆ ಬಿಚ್ಚಬೇಡಿ. ಶುರು ಮಾಡುವ ಮುಂಚೆ ತಳದ ಫೋಟೋ ನಾಲ್ಕು ಕಡೆಯಿಂದ ತೆಗೆದಿಟ್ಟುಕೊಳ್ಳಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ವೈರ್ ಬಿಚ್ಚುವ ಪ್ರಸಂಗ ಬಂದರೆ ಬಣ್ಣ ಬರೆದಿಡಿ. ಅದಲುಬದಲಾದರೆ ಫೀಡ್‌ಬ್ಯಾಕ್ ಉಲ್ಟಾ ಆಗಿ ಸೆಟ್ ಕಿರುಚುತ್ತದೆ.

ಬಯಾಸ್‌ಗೆ ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ, ಅಂದರೆ ಸಣ್ಣ ರೆಕ್ಕೆರೆಕ್ಕೆಯ ಚೌಕ ತಗಡುಗಳ ಕಟ್ಟು ಕಂಡರೆ, 1ಎನ್4007 ಡಯೋಡ್ ಹಾಕಿ. ವೋಲ್ಟೇಜ್ ಸ್ವಲ್ಪ ಏರುತ್ತದೆ, ಸೀರೀಸ್ ರೆಸಿಸ್ಟರ್‌ನಿಂದ ಸರಿಮಾಡಿಕೊಳ್ಳಿ. ಸೆಲೆನಿಯಂ ಸುಟ್ಟರೆ ಕೊಳೆತ ಮೂಲಂಗಿಯ ನಾತ, ಹೊಗೆ ವಿಷ. ಕಿಟಕಿ ತೆರೆದು ಹೊರಗೆ ಹೋಗಿ. ಕೊನೆಗೆ ರೆಸಿಸ್ಟರ್‌ಗಳನ್ನು ಅಳೆಯಿರಿ. ಬರೆದದ್ದಕ್ಕಿಂತ ಶೇ. 20ಕ್ಕೂ ಮೇಲೆ ಹೋಗಿರುವುದನ್ನು ಬದಲಿಸಿ.

## ಹಂತ 8: ವಾಲ್ವ್ ಹಾಕುವ ಮುಂಚೆ, ಹಾಕಿದ ಮೇಲೆ

ವಾಲ್ವ್‌ನ ಒಳಗೆ, ಹೆಚ್ಚಾಗಿ ತಲೆಯ ಭಾಗದಲ್ಲಿ, ಬೆಳ್ಳಿಯ ಕನ್ನಡಿಯಂಥ ಲೇಪ ಇರುತ್ತದೆ. ಅದು ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಗೆ ಹೋಗಿದೆ. ಎಸೆಯಿರಿ. ಪಿನ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ.

ಬಯಾಸ್ ವೋಲ್ಟೇಜನ್ನು ಬೇರೆಯಾಗಿ ತಯಾರಿಸಿ ಕೊಡುವ ಫಿಕ್ಸೆಡ್ ಬಯಾಸ್ ಸೆಟ್ ಆದರೆ, ಎಸ್‌ಟಿ-70 ಅಂಥದ್ದೇ, ಔಟ್‌ಪುಟ್ ವಾಲ್ವ್ ಹಾಕುವ ಮುಂಚೆ ಖಾಲಿ ಸಾಕೆಟ್‌ನ ಗ್ರಿಡ್ ಪಿನ್ನಿನಲ್ಲಿ ಮೈನಸ್ ವೋಲ್ಟೇಜ್ ಬರುತ್ತಿದೆಯೇ ಅಳೆಯಿರಿ. ಇಎಲ್34ಕ್ಕೆ ಪಿನ್ 5. ಈ ಅಳತೆಯ ಹೊತ್ತಿಗೆ ರೆಕ್ಟಿಫೈಯರ್ ವಾಲ್ವ್ ಹೊರಗೇ ಇರಲಿ, ಸೀರೀಸ್ ಬಲ್ಬ್ ಬೇಡ. ಮೈನಸ್ 30ಕ್ಕಿಂತ ಹೆಚ್ಚು ಮೈನಸ್ ಇರಬೇಕು, ನಾಲ್ಕೂ ಸಾಕೆಟ್‌ನಲ್ಲಿ. ಒಂದರಲ್ಲಿ ಸೊನ್ನೆ ಇದ್ದರೆ ಆ ಸಾಕೆಟ್‌ಗೆ ವಾಲ್ವ್ ಹಾಕಿದ ಕ್ಷಣ ಅದು ಕೆಂಪಗಾಗುತ್ತದೆ. ಬಯಾಸ್ ಸ್ಕ್ರೂ ತಿರುಗಿಸಿ ಮೈನಸ್ ಅತಿ ಹೆಚ್ಚು ಇರುವ ಕಡೆಗೆ ಇಡಿ.

ಈಗ ಆಫ್ ಮಾಡಿ, ಎಲ್ಲ ವಾಲ್ವ್ ಹಾಕಿ. 8 ಓಮ್ ರೆಸಿಸ್ಟರ್ ಅಥವಾ ಅಗ್ಗದ ಸ್ಪೀಕರ್ ಸೇರಿಸಿ. ಲೋಡ್ ಇಲ್ಲದೆ ವಾಲ್ವ್ ಆಂಪ್ ಓಡಿಸಬಾರದು. ಸಿಗ್ನಲ್ ಬಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ವೋಲ್ಟೇಜ್ ನೆಗೆದು ಕಿಡಿ ಹಾರುತ್ತದೆ. ಟ್ರಾನ್ಸಿಸ್ಟರ್ ಆಂಪ್ ಬಳಸಿ ಅಭ್ಯಾಸವಾದವರು ಮರೆಯುವುದು ಇದನ್ನೇ.

ಸೀರೀಸ್ ಬೋರ್ಡ್‌ಗೆ 100 ವಾಟ್ ಬಲ್ಬ್ ಹಾಕಿ ಆನ್ ಮಾಡಿ. ಬಲ್ಬ್ ಜೋರಾಗಿ ಉರಿದು, ಇಳಿದು, ವಾಲ್ವ್ ಕಾದಂತೆ ಮತ್ತೆ ತುಸು ಏರಿ ನಿಲ್ಲಬೇಕು. ಇಳಿಯದೇ ಪೂರ್ತಿ ಉರಿಯುತ್ತಲೇ ಇದ್ದರೆ ಆಫ್. ಸರಿ ಕಂಡರೆ ಬೋರ್ಡ್ ತೆಗೆದು ನೇರ ಮೇನ್ಸ್‌ಗೆ ಹಾಕಿ, ಕೋಣೆಯ ದೀಪ ಆರಿಸಿ. ಹೀಟರ್ ಕೆಂಪು ನಡುವಿನಲ್ಲಿ ಕಾಣುವುದು ಸಹಜ. ಹೊರಗಿನ ಬೂದು ಬಣ್ಣದ ಪ್ಲೇಟ್ ಮೇಲೆ ಕೆಂಪು ಕಲೆ ಮೂಡಿದರೆ ತಕ್ಷಣ ಆಫ್. ಗಾಜಿನ ಒಳಮೈಗೆ ಅಂಟಿದಂತೆ ನೀಲಿ ಹೊಳಪು ಇದ್ದರೆ ಭಯ ಬೇಡ. ಪ್ಲೇಟಿನ ಒಳಗೆ ನೇರಳೆ ಮಂಜು ಕಂಡರೆ ಗ್ಯಾಸ್ ಆಗಿದೆ, ಬದಲಿಸಿ.

ಬಯಾಸ್ ಲೆಕ್ಕ ಹೀಗೆ. ಎಸ್‌ಟಿ-70ಯಲ್ಲಿ ಎರಡು ವಾಲ್ವ್‌ಗೆ ಸೇರಿ 15.6 ಓಮ್‌ನ ಒಂದು ರೆಸಿಸ್ಟರ್ ಇದೆ. ಅದರ ಮೇಲೆ 1.56 ವೋಲ್ಟ್ ಬರಬೇಕು ಅಂತ ಕಂಪನಿಯ ಸೂಚನೆ. ಅಂದರೆ ಜೋಡಿಗೆ 100, ಒಂದಕ್ಕೆ 50 ಮಿಲಿಆಂಪ್. 415 ವೋಲ್ಟ್‌ಗೆ ಇದು ಸುಮಾರು 20.7 ವಾಟ್. ಇಎಲ್34ರ ಮಿತಿ 25 ವಾಟ್. ನಾನಾದರೆ 1.25 ವೋಲ್ಟ್‌ಗೆ, ಅಂದರೆ 40 ಮಿಲಿಆಂಪ್‌ಗೆ ಇಡುತ್ತೇನೆ. ಕಿವಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ವಾಲ್ವ್ ಬಾಳುವುದು ಜಾಸ್ತಿ. ರೆಸಿಸ್ಟರ್ ಒಂದೇ ಇರುವುದರಿಂದ ಒಂದು ವಾಲ್ವ್ 60, ಇನ್ನೊಂದು 20 ಎಳೆದರೂ ಮೀಟರ್ ಸರಿಯನ್ನೇ ತೋರಿಸುತ್ತದೆ. ಅದಕ್ಕೇ ಮ್ಯಾಚ್ ಆದ ಜೋಡಿಯನ್ನೇ ಕೊಳ್ಳಬೇಕು.

ಕ್ಯಾಥೋಡ್ ರೆಸಿಸ್ಟರ್‌ನಿಂದಲೇ ಬಯಾಸ್ ಹುಟ್ಟುವ ಕ್ಯಾಥೋಡ್ ಬಯಾಸ್ ಸೆಟ್‌ನಲ್ಲಿ ತಿರುಗಿಸಲು ಸ್ಕ್ರೂ ಇರುವುದಿಲ್ಲ. ಕ್ಯಾಥೋಡ್ ರೆಸಿಸ್ಟರ್ ಮೇಲಿನ ವೋಲ್ಟನ್ನು ಓಮ್‌ನಿಂದ ಭಾಗಿಸಿ. 270 ಓಮ್ ಮೇಲೆ 11 ವೋಲ್ಟ್ ಇದ್ದರೆ ಸುಮಾರು 40 ಮಿಲಿಆಂಪ್. ಪ್ಲೇಟ್ 300 ವೋಲ್ಟ್ ಆದರೆ 12 ವಾಟ್. ಇಎಲ್84ರ ಮಿತಿಯೂ 12. ಅಂಚಿನಲ್ಲಿದೆ, ಇನ್ನೂ ಏರಿದರೆ ಲೈನ್ ವೋಲ್ಟೇಜ್ ನೋಡಿ.

ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಲೆಕ್ಕ ಏರುತ್ತಲೇ ಹೋಗುತ್ತಿದ್ದರೆ ವಾಲ್ವ್ ಅಥವಾ ಕಪ್ಲಿಂಗ್ ಕೆಪಾಸಿಟರ್ ಕೆಟ್ಟಿದೆ. ಹೀಟರ್ ವೋಲ್ಟೇಜ್ ಈಗ 5.7 ಮತ್ತು 6.9ರ ನಡುವೆ ಇರಬೇಕು.

## ಹಂತ 9: ಸದ್ದು ಕೇಳಿ ಕಾಯಿಲೆ ಹಿಡಿಯುವುದು

ಒರಟಾದ ಗುಂಯ್ ಸದ್ದು, 100 ಹರ್ಟ್ಸ್, ಅಂದರೆ ಫಿಲ್ಟರ್ ಕಡೆಯ ದೋಷ. ಮೆತ್ತಗಿನ, ಇನ್ನೂ ತಗ್ಗಿನ 50 ಹರ್ಟ್ಸ್ ಅಂದರೆ ಹೀಟರ್ ಅಥವಾ ಅರ್ತಿಂಗ್ ಕಡೆಯದು. ಇನ್‌ಪುಟ್ ವೈರ್ ಕಿತ್ತಾಗ ನಿಂತರೆ ತೊಂದರೆ ಸೆಟ್ ಹೊರಗಿದೆ. ಇದಕ್ಕೆ ಮದ್ದು ಅಂತ ಕೆಲವರು ಮೇನ್ಸ್ ಅರ್ತಿಂಗ್ ವೈರ್ ಕತ್ತರಿಸುತ್ತಾರೆ. ಸದ್ದು ನಿಲ್ಲುತ್ತದೆ, ರಕ್ಷಣೆಯೂ ನಿಲ್ಲುತ್ತದೆ. ಹಾಗೆ ಮಾಡಬೇಡಿ. ಎಲ್ಲ ಉಪಕರಣವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ.

ಒಂದೇ ಚಾನೆಲ್‌ನಲ್ಲಿ ಚಿಟಪಟ ಅಂದರೆ, ಆಫ್ ಮಾಡಿ ತಣ್ಣಗಾದ ಮೇಲೆ ಆ ಕಡೆಯ ಸಣ್ಣ ವಾಲ್ವನ್ನು ಈ ಕಡೆಗೆ ಹಾಕಿ. ಸದ್ದೂ ಜೊತೆಗೆ ಬಂದರೆ ವಾಲ್ವ್, ಅಲ್ಲೇ ಉಳಿದರೆ ಸರ್ಕ್ಯೂಟ್. ಪೆನ್ಸಿಲ್‌ನಿಂದ ಗಾಜನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರ್‌ನಲ್ಲಿ ಗಂಟೆ ಬಾರಿಸಿದಂತೆ ಕೇಳಿದರೆ ಆ ವಾಲ್ವ್ ಇನ್‌ಪುಟ್ ಕಡೆಯ ಮೊದಲ ಜಾಗಕ್ಕೆ ಆಗದು.

ದನಿ ಸಪ್ಪೆ ಅನ್ನಿಸಿದರೆ ಆಂಪನ್ನೇ ಬೈಯಬೇಡಿ. 10-15 ವಾಟ್‌ನ ಸೆಟ್‌ಗೆ 90 ಡಿಬಿಗಿಂತ ಹೆಚ್ಚು ಸೆನ್ಸಿಟಿವಿಟಿ ಇರುವ, ಅಂದರೆ ಕಡಿಮೆ ವಾಟ್‌ಗೂ ಜೋರಾಗಿ ನುಡಿಯುವ, ಸ್ಪೀಕರ್ ಬೇಕು.

## ಹಂತ 10: ವಾಲ್ವ್ ಕೊಳ್ಳುವಾಗ

ಮೋಸ ಅತಿ ಹೆಚ್ಚು ಇಲ್ಲೇ. ಗಾಜಿನ ಮೇಲಿನ ಹೆಸರು ಬೆರಳಿಗೆ ಅಳಿಸುವ ಬಣ್ಣ. ಅಳಿಸಿ ಬೇರೆ ಹೆಸರು ಒತ್ತುವುದು ಸುಲಭ. ಒಳಗಿನ ಪ್ಲೇಟಿನ ಆಕಾರ ನೋಡಿ, ಹೆಸರನ್ನಲ್ಲ. ಟೆಲಿಫುಂಕನ್‌ನ ಜರ್ಮನ್ ಕಾರ್ಖಾನೆಯ ಸಣ್ಣ ವಾಲ್ವ್‌ಗಳ ತಳದಲ್ಲಿ, ಪಿನ್‌ಗಳ ನಡುವೆ, ಗಾಜಿನಲ್ಲೇ ಎರಕ ಹೊಯ್ದ ವಜ್ರದಾಕಾರದ ಗುರುತಿರುತ್ತದೆ. ಮಲ್ಲಾರ್ಡ್ ಹೆಸರು ಈಗ ರಷ್ಯಾದಲ್ಲಿ ತಯಾರಾಗುವ ಹೊಸ ವಾಲ್ವ್‌ಗಳ ಮೇಲೂ ಇದೆ. ಕೆಟ್ಟದೇನಲ್ಲ, ಆದರೆ ಇಂಗ್ಲೆಂಡಿನ ಹಳೇದರ ಬೆಲೆ ಕೊಡಬೇಡಿ.

ನಮ್ಮವರು ಮರೆಯುವ ಒಂದು ದಾರಿ ಇದೆ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1960ರ ದಶಕದಿಂದ ಫಿಲಿಪ್ಸ್ ಸಹಯೋಗದಲ್ಲಿ ವಾಲ್ವ್ ತಯಾರಿಸುತ್ತಿತ್ತು. ಹಳೇ ರೇಡಿಯೋ ಮೆಕ್ಯಾನಿಕ್‌ಗಳ ಡಬ್ಬಗಳಲ್ಲಿ ಬಿಇಎಲ್‌ನ ಇಸಿಸಿ83, ಇಎಲ್84 ಈಗಲೂ ಹೊರಬೀಳುತ್ತವೆ. ಡಬ್ಬ ಹರಿದಿದ್ದರೂ ಪಿನ್ ಹೊಳೆಯುತ್ತಿದ್ದರೆ ತೆಗೆದುಕೊಳ್ಳಿ. ಎಸ್‌ಟಿ-70ಯ 7199 ಅನ್ನುವ ಸಣ್ಣ ವಾಲ್ವ್ ಮಾತ್ರ ಅಪರೂಪ, ದುಬಾರಿ. ಅಡಾಪ್ಟರ್ ಹಾಕಿ 6ಜಿಎಚ್8ಎ ಬಳಸುವುದು ಜಾಣತನ. ಪಿನ್ ಜೋಡಣೆ ಬೇರೆ ಇರುವುದರಿಂದ ಅಡಾಪ್ಟರ್ ಇಲ್ಲದೆ ಹಾಕಬೇಡಿ.

## ಹಂತ 11: ಇಟ್ಟುಕೊಳ್ಳುವುದು

ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ಶತ್ರು. ಟ್ರಾನ್ಸ್‌ಫಾರ್ಮರ್ ಪಟ್ಟಿಗಳು ತುಕ್ಕು ಹಿಡಿಯುತ್ತವೆ, ಸಾಕೆಟ್ ಹಸಿರುಗಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಸಾಕು. ಓಡುವಾಗ ಮೇಲೆ ಒಂದಡಿ ಖಾಲಿ ಜಾಗ ಇರಲಿ.

ನೀವು ಅಳೆದ ವೋಲ್ಟೇಜ್‌ಗಳು, ಬದಲಿಸಿದ ಭಾಗಗಳು, ತಾರೀಖು, ಇಷ್ಟನ್ನು ಕಾಗದದಲ್ಲಿ ಬರೆದು ತಳದ ತಗಡಿನ ಹೊರಮೈಗೆ ಅಂಟಿಸಿ. ಫ್ಯೂಸ್ ಎಷ್ಟರದ್ದು ಅಂತಲೂ ಬರೆಯಿರಿ. ಫ್ಯೂಸ್ ಒಮ್ಮೆ ಹೋದರೆ ಅಷ್ಟೇ ಆಂಪಿಯರ್‌ನದು ಹಾಕಿ. ಎರಡನೇ ಸಲವೂ ಹೋದರೆ ಮೂರನೆಯದನ್ನು ಹಾಕದೆ ವಾಲ್ವ್ ಎಲ್ಲ ಕಿತ್ತು, ಸೀರೀಸ್ ಬೋರ್ಡ್ ತಂದು, 6ನೇ ಹಂತದಿಂದ ಮತ್ತೆ ಶುರು ಮಾಡಿ.